ಆನೆಸೀಲಿನ ಕತ್ತಿನ ದಾರ

ದಡದಲ್ಲಿ ಮಲಗಿದ್ದ ಭಾರೀ ಕಡಲಪ್ರಾಣಿ ಆನೆಸೀಲಿನ ಕತ್ತಿಗೆ ಮೀನುಗಾರರ ನೈಲಾನ್ ದಾರ ಎರಡು ಸುತ್ತು ಬಿಗಿದುಕೊಂಡಿತ್ತು. ಪ್ರಾಣಿ ಬೆಳೆದಂತೆಲ್ಲ ದಾರ ಮಾಂಸದೊಳಗೆ ಇಳಿದು ಕತ್ತಿನ ಸುತ್ತ ಹಸಿ ಗಾಯವಾಗಿತ್ತು. ವಾಲ್ಡೆಸ್ ತೀರದ ವನ್ಯಜೀವಿ ಕಾವಲುಗಾರ್ತಿ ನೆಲಿದಾ ದುರ್ಬೀನು ಕೆಳಗಿಳಿಸಿದಳು.

"ಇನ್ನು ಕಾಯೋಕಾಗಲ್ಲ ದೋನ್."

ಎಲ್ಲರೂ ಗೌರವದಿಂದ ದೋನ್ ಎನ್ನುವ ಹಿರಿಯ ಕಾವಲುಗಾರ ಎವರಿಸ್ಟೊ ದಿಬ್ಬದ ಮರೆಯಲ್ಲಿ ಕೂತು ಯೆರ್ಬಾ ಎಲೆಯ ಬಿಸಿ ಕಷಾಯ ಹೀರುತ್ತಿದ್ದರು. "ನಾಳೆ ಡಾಕ್ಟರು ಬರ್ತಾರಲ್ಲ. ಮದ್ದು ಕೊಟ್ಟು ಮಲಗಿಸಿ ಕತ್ತರಿಸ್ತಾರೆ."

"ಅದು ದಡಕ್ಕೆ ಬಂದಿದ್ದೇ ಹಳೇ ಚರ್ಮ ಕಳಚೋಕೆ, ಈಗ ಪೂರ್ತಿ ಉದುರಿದೆ. ಸಂಜೆ ಉಬ್ಬರಕ್ಕೇ ನೀರಿಗಿಳಿದ್ರೆ? ತಿಂಗಳುಗಟ್ಟಲೆ ದಡಕ್ಕೆ ಬರಲ್ಲ. ಅಷ್ಟರಲ್ಲಿ ದಾರ ಗಂಟಲು ಕೊಯ್ದಿರುತ್ತೆ. ಮದ್ದನ್ನೂ ನಂಬೋ ಹಾಗಿಲ್ಲ. ಅದರ ಮತ್ತಿನಲ್ಲಿ ಉಸಿರು ಕಟ್ಟಿದ್ರೆ ಪುನಃ ಉಸಿರು ಎಳ್ಕೊಳ್ಳದೇ ಇರಬಹುದು."

"ಬೆಳಿಗ್ಗೆ ಕತ್ತರಿಸೋಕೆ ಹೋಗಿ ಅದನ್ನ ಎಬ್ಬಿಸಿದ್ಯಲ್ಲ ತಾಯಿ! ನಿನ್ನ ಓಟ ಕಂಡು ಪೆಂಗ್ವಿನ್‌ಗಳೂ ನಕ್ವು."

"ಆಗ ಅದು ಗೊರಕೆ ಹೊಡೀತಿತ್ತು. ನಾನು ಗಾಢ ನಿದ್ದೆ ಅಂದ್ಕೊಂಡೆ."

ಗೊರಕೆಯೆಂದರೆ ಗಾಢ ನಿದ್ದೆ ಎನ್ನುವುದು ಮನುಷ್ಯರ ಲೆಕ್ಕ. ಆನೆಸೀಲು ದಡದಲ್ಲಿ ಮಲಗಿದಾಗಲೂ ಆಳ ಸಮುದ್ರದಲ್ಲಿದ್ದಂತೆ ಉಸಿರು ಕಟ್ಟುತ್ತದೆ. ಮೂಗಿನ ಹೊಳ್ಳೆಗಳು ಮುಚ್ಚಿಕೊಳ್ಳುತ್ತವೆ, ಎದೆಬಡಿತ ನಿಧಾನವಾಗುತ್ತದೆ. ರಕ್ತದಲ್ಲಿ, ಮಾಂಸಖಂಡಗಳಲ್ಲಿ ಕೂಡಿಟ್ಟ ಆಮ್ಲಜನಕದಲ್ಲೇ ಅದು ಹಲವು ನಿಮಿಷ ಕಳೆಯಬಲ್ಲದು. ಎಚ್ಚರವಾಗುವುದು ಹೆಚ್ಚಾಗಿ ಮತ್ತೆ ಉಸಿರಾಡುವ ಹೊತ್ತಿನಲ್ಲಿ.

"ಉಸಿರು ನಿಂತಾಗ ಹೋಗ್ತೀನಿ. ಹಿಂದಿನಿಂದ ನನಗೆ ಮೂಗು ಕಾಣಲ್ಲ, ನೀವು ನೋಡ್ಕೊಳ್ಳಿ. ಹೊಳ್ಳೆ ಮುಚ್ಚಿದಾಗ ಟೋಪಿ ಎತ್ತಿ, ತೆರೆದಾಗ ಇಳಿಸಿ."

"ಕಚ್ಚಿದ್ರೆ ನಿಮ್ಮಮ್ಮನಿಗೆ ನೀನೇ ಹೇಳ್ಕೋಬೇಕು," ಎಂದು ಗೊಣಗಿದರೂ ದೋನ್ ಎದ್ದು, ಸೀಲಿನ ಮುಖ ಕಾಣುವ ಕಡೆಗೆ ದೂರದಿಂದ ಬಳಸಿ ಹೋದರು.

ನೆಲಿದಾ ಗಾಳಿಗೆ ಎದುರಾಗಿ ಬೆಣಚುಕಲ್ಲಿನ ಮೇಲೆ ತೆವಳಿದಳು. ಕೈಯಲ್ಲಿ ಉದ್ದ ಕೋಲು, ತುದಿಯಲ್ಲಿ ಬಾಗಿದ ಅಲಗು. ಟೋಪಿ ಮೇಲೆದ್ದಿತು. ಅಲಗನ್ನು ದಾರದಡಿ ತೂರಿಸಿ ಎಳೆದಳು. ಒಂದು ಸುತ್ತು ಪಟ್ಟನೆ ಹರಿಯಿತು. ಎರಡನೆಯದು ಇನ್ನೂ ಆಳದಲ್ಲಿತ್ತು.

ಟೋಪಿ ಇಳಿಯಿತು.

ಕೊಳೆತ ಮೀನಿನ ವಾಸನೆಯ ಬಿಸಿ ಉಸಿರು ಭುಸ್ಸೆಂದು ಹೊರಬಂತು. ನೆಲಿದಾ ಕೋಲು ಅಲುಗಿಸದೆ ನೆಲಕ್ಕಂಟಿಕೊಂಡಳು. ಸೀಲು ತಲೆ ಹೊರಳಿಸಿತು. ದುಂಡಗಿನ ಕಪ್ಪು ಕಣ್ಣೊಂದು ಅರ್ಧ ತೆರೆದು, ಅವಳ ಮೇಲೆ ನಿಂತು, ಮೆಲ್ಲಗೆ ಮುಚ್ಚಿತು. ಅದರ ಜೊತೆ ತಾನೂ ಉಸಿರು ಬಿಗಿಹಿಡಿದಿದ್ದ ನೆಲಿದಾಗೆ ಅಷ್ಟರಲ್ಲೇ ಎದೆ ಒಡೆಯುವಂತಾಗಿತ್ತು.

ಬಹಳ ಹೊತ್ತಿನ ಮೇಲೆ ಟೋಪಿ ಮತ್ತೆ ಎದ್ದಿತು. ಈ ಬಾರಿ ಅಲಗನ್ನು ಗಾಯದೊಳಗೇ ಇಳಿಸಬೇಕಾಯಿತು. ರಕ್ತ ಜಿನುಗಿತು. ದಾರ ಹರಿದು ಕೋಲಿಗೆ ಸಿಕ್ಕಿ ಹೊರಬಂತು. ಸೀಲು ಮಾತ್ರ ಅಲುಗಲಿಲ್ಲ.

ಹಿಂದೆ ಸರಿಯಬೇಕಿದ್ದ ನೆಲಿದಾ ಅಲ್ಲೇ ಕಾದಳು. ಟೋಪಿ ಇಳಿಯಲೇ ಇಲ್ಲ. ಅಲಗು ಎಲ್ಲಿಗೆ ತಾಗಿತೋ? ಅವಳು ಅಪಾಯ ಮರೆತು ಮೊಣಕೈ ಊರಿ ಎದ್ದು, ಅದರ ಮೂಗಿನತ್ತ ಬಗ್ಗಿದಳು.

"ಸತ್ತಿಲ್ಲ ಕಣೇ, ಈಚೆ ಬಾ!" ದೋನ್ ಪಿಸುಗುಟ್ಟಿದ್ದು ಕೂಗಿನಂತೆಯೇ ಕೇಳಿಸಿತು.

ಆಗ ಹೊಳ್ಳೆಗಳು ತೆರೆದುಕೊಂಡವು. ಉಸಿರು ಅವಳ ಮುಖಕ್ಕೇ ಹೊಡೆಯಿತು. ಸೀಲು ಎದೆಯೆತ್ತಿ ಬಾಯಿ ಅಗಲಿಸಿ ಗರ್ಜಿಸಿತು. ನೆಲಿದಾ ಕೋಲು ಬಿಟ್ಟು ಓಡಿದಳು.

"ಬೆಳಗಿನ ಓಟಕ್ಕಿಂತ ಜೋರಾಗಿತ್ತು," ಎಂದರು ದೋನ್. ಅವಳಿಗೆ ನಗು ಬಂತು.

ಸಂಜೆ ನೀರೇರಿದಾಗ ಸೀಲು ಅಲೆಗಿಳಿಯಿತು. ಸ್ವಲ್ಪ ದೂರ ಹೋಗಿ ತಲೆಯೆತ್ತಿತು. ನೀರಿಗೆ ಧುಮುಕುವ ಮನುಷ್ಯ ಎದೆ ತುಂಬ ಗಾಳಿ ತುಂಬಿಸಿಕೊಳ್ಳುತ್ತಾನೆ. ಸೀಲು ಎದೆಯ ಗಾಳಿಯನ್ನು ಹೊರಗೆ ಬಿಟ್ಟು, ಹೊಳ್ಳೆ ಮುಚ್ಚಿ, ಕೆಳಗೆ ಹೋಯಿತು.

ದೋನ್ ದುರ್ಬೀನು ಹಿಡಿದು ನೀರನ್ನೇ ಹುಡುಕುತ್ತಿದ್ದರು. "ಎಲ್ಲಿ ಮೇಲೇಳುತ್ತೋ?"

"ಇಲ್ಲೆಲ್ಲೂ ಏಳಲ್ಲ ದೋನ್. ಅದರ ಉಸಿರು ಉದ್ದ. ಬನ್ನಿ, ಕಷಾಯ ಆರಿಹೋಗುತ್ತೆ."