ಹಗ್ಗ ಬೇಡವೆಂದವರು

ತೊಂಬತ್ತೆಂಟರಲ್ಲಿ, ತಮಿಳರ ಆಡಿ ತಿಂಗಳ ಅಮಾವಾಸ್ಯೆಗೆ ಮಾವನವರಿಗೆ ತರ್ಪಣ ಬಿಡಲು ನಮ್ಮೂರು ಮಾರ್ಕಯನ್‌ಕೋಟ್ಟೈಯಿಂದ ರಾಮೇಶ್ವರಕ್ಕೆ ಹೋದೆವು. ನನ್ನ ಗಂಡನ ಕಾಲು ಮುರಿದಿತ್ತು, ಹಾಗಾಗಿ ಕರ್ಮದ ಕೆಲಸ ಮೈದುನ ಜೆಯಕುಮಾರನದಾಯಿತು. ಜೊತೆಗೆ ನಾನು, ಹನ್ನೊಂದು ವರ್ಷದ ಮಗಳು ತೇನ್‌ಮೊಳಿ.

ಕರ್ಮ ಮುಗಿಸಿ ಊರಾಚೆಯ ಮೀನುಗಾರರ ದಂಡೆಗೆ ನಡೆದೆವು. ಕೊಳೆತ ಮೀನಿನ ನಾತ, ಕಾಲಿಗಂಟುವ ಪಾಚಿ. ನೀರು ಮಾತ್ರ ನಮ್ಮೂರ ಕೆರೆಯಂತೆ ತೆಪ್ಪಗಿತ್ತು. ಮೀನು ಒಣಗಿಸುತ್ತಿದ್ದ ಪೇಚ್ಚಿಯಮ್ಮಾಳ್ ಎಂಬ ಮುದುಕಿಯ ತೆಪ್ಪವನ್ನು ಜೆಯಕುಮಾರ್ ಬಾಡಿಗೆಗೆ ಹಿಡಿದ. ಮೂರು ದಿಮ್ಮಿ ಬಿಗಿದದ್ದು. ನಿಂತು ಹುಟ್ಟು ಹಾಕಬೇಕು.

ಮುದುಕಿ ತಮಿಳಿನಲ್ಲಿ ಎಚ್ಚರಿಸಿದಳು. "ಗಾಳಿ ನೆಲದಿಂದ ಕಡಲಿಗೆ ಬೀಸ್ತಿದೆ. ದಡದಲ್ಲಿ ಗೊತ್ತಾಗಲ್ಲ, ಆಚೆ ಹೋದ್ರೆ ಎಳ್ಕೊಂಡು ಹೋಗುತ್ತೆ. ಸೊಂಟದ ನೀರು ದಾಟಬೇಡಿ. ತೆಪ್ಪಕ್ಕೂ ಕಾಲಿಗೂ ಈ ಹಗ್ಗ ಕಟ್ಟಿಕೊಳ್ಳಿ."

ನಮ್ಮೂರಲ್ಲಿ ಬಾವಿಗಿಳಿದು ಈಜು ಕಲಿಯುವ ಕೂಸುಗಳಿಗೆ ಸೊಂಟಕ್ಕೆ ಹಗ್ಗ ಕಟ್ಟುತ್ತಾರೆ. ಕಲಿತವರ ಮೈಮೇಲೆ ಹಗ್ಗವಿದ್ದರೆ ನಗುತ್ತಾರೆ.

"ಈ ಕೆಳವಿ ನಮ್ಮನ್ನ ಏನಂತ ಎಣಿಸವ್ಳೆ ಅತ್ತಿಗೆ?" ಎಂದು ಜೆಯಕುಮಾರ್ ನಮ್ಮ ಮನೆಮಾತು ಕನ್ನಡದಲ್ಲಿ ಕೇಳಿದ. "ಆಡಿ ಗಾಳಿ ನಮಗೇನು ಹೊಸ್ದಾ? ಎಳ್ಳು ತೂರೋ ಗಾಳಿ ತಾನೆ. ಬೆನ್ನು ಕೊಟ್ಟು ನಿಂತ್ರೆ ಆಯ್ತು."

ನಾನು ನಕ್ಕೆ. ಆರು ವರ್ಷಕ್ಕೇ ಹಗ್ಗ ಬಿಚ್ಚಿಸಿಕೊಂಡ ಮಗಳು ನನ್ನವಳು. "ಪಾಪ್ಪಾಗೂ ಬೇಡ" ಎಂದೆ.

ಮುದುಕಿ ಮಗಳ ಗಲ್ಲ ಹಿಡಿದು ಹೇಳಿದಳು. "ಏನಾದ್ರೂ ತೆಪ್ಪದ ಮರ ಬಿಡಬೇಡ. ಬೋರಲು ಮಲಗು, ಈಜೋಕೆ ಹೋಗ್ಬೇಡ."

ನಾನು ದಡದಲ್ಲೇ ಉಳಿದೆ, ಜೆಯಕುಮಾರ್ ಮಗಳನ್ನು ತೆಪ್ಪದ ಮೇಲೆ ಕೂರಿಸಿಕೊಂಡು ಹೊರಟ. ಗಾಳಿಗೆ ಬೆನ್ನು ಕೊಟ್ಟು ನಿಂತ ಅವನನ್ನು ಗಾಳಿಯೇ ತಳ್ಳಿಕೊಂಡು ಹೋಯಿತು. ಅದನ್ನೂ ತನ್ನ ತೋಳಿನ ಬಲವೆಂದುಕೊಂಡು ಕೈ ಬೀಸಿದ. ತೆಪ್ಪ ತಿರುಗಿಸಲು ಹೋದಾಗ ಜಾರಿ ನೀರಿಗೆ ಬಿದ್ದ. ಅವನು ಮೇಲೇಳುವಷ್ಟರಲ್ಲಿ ತೆಪ್ಪ ನನ್ನ ಮಗಳನ್ನು ಹೊತ್ತು ದೂರ ಸರಿದಿತ್ತು. ಅವನು ಒಮ್ಮೆ ಅತ್ತ ನೋಡಿದ. ಆಮೇಲೆ ದಡದ ಕಡೆಗೆ ಈಜಿದ.

ನಾನು ಕೂಗುತ್ತಿದ್ದೆ. ಪೇಚ್ಚಿಯಮ್ಮಾಳ್ ಆಗಲೇ ಯಂತ್ರದ ದೋಣಿಯವರನ್ನು ಎಬ್ಬಿಸಲು ಓಡಿದ್ದಳು. ಜೆಯಕುಮಾರ್ ದಡಕ್ಕೆ ತೆವಳಿ ಬಂದು, ಬೆಳಿಗ್ಗೆ ತಿಂದ ಇಡ್ಲಿಯನ್ನು ಉಪ್ಪುನೀರಿನ ಸಮೇತ ನನ್ನ ಕಾಲ ಬಳಿ ಕಾರಿದ. ಬಾಯಿ ಒರೆಸಿಕೊಂಡು ಹೇಳಿದ. "ಮರದ ಮೇಲೆ ತಾನೆ ಅವ್ಳೆ. ಏನೂ ಆಗಲ್ಲ."

ನಾನು ಅವನನ್ನು ದಾಟಿ ನೀರಿಗಿಳಿದೆ.

ಕಡಲಲ್ಲಿ ಒಂದು ಕಪ್ಪು ಗೆರೆ ಕಾಣುತ್ತಿತ್ತು, ಆಮೇಲೆ ಅದೂ ಕಾಣಲಿಲ್ಲ. ಯಂತ್ರದ ದೋಣಿ ಮಗಳನ್ನು ಹೊತ್ತು ಹಿಂದಿರುಗುವ ತನಕ ನಾನು ಮಂಡಿಯವರೆಗೆ ಕೊಳಕು ಪಾಚಿಯಲ್ಲಿ ನಿಂತಿದ್ದೆ. ತೇನ್‌ಮೊಳಿ ತೆಪ್ಪದ ಮೇಲೆ ಬೋರಲು ಮಲಗಿಯೇ ಇದ್ದಳಂತೆ. ಬೆರಳು ಬಿಡಿಸಲು ಇಬ್ಬರು ಬೇಕಾದರಂತೆ.

"ನೋಡಿದ್ರಾ ಅತ್ತಿಗೆ, ನಾ ಹೇಳ್ಕೊಟ್ಟಂಗೇ ಮಲಗವ್ಳೆ" ಎಂದ ಜೆಯಕುಮಾರ್.

"ಹೇಳಿದ್ದು ಆ ಪಾಟ್ಟಿ" ಎಂದಳು ಮಗಳು, ಮುದುಕಿಯ ಕಡೆ ಕೈ ತೋರಿಸಿ. "ಚಿತ್ತಪ್ಪಾ, ನೀ ನನ್ನ ನೋಡ್ಬುಟ್ಟು ತಾನೆ ಹೋದೆ."

ಬಸ್ಸಿನಲ್ಲಿ ಅವನು ಹಿಂದಿನ ಸೀಟಿನಿಂದ ಬಗ್ಗಿ, "ಅಣ್ಣಂಗೆ ಹೇಳ್ಬೇಡಿ ಅತ್ತಿಗೆ, ಕಾಲು ಬೇರೆ ಸರಿ ಇಲ್ಲ" ಎಂದು ಪಿಸುಗುಟ್ಟಿದ. ಅವನ ಉಸಿರಿನ ಹುಳಿ ನಾತ ನನ್ನ ಕತ್ತಿಗೆ ಬಡಿಯಿತು.

ಅವನು ಮಗಳನ್ನು ಬಿಟ್ಟು ಬಂದದ್ದನ್ನು ಹೇಳಿದರೆ ನಾನು ಹಗ್ಗ ಬೇಡವೆಂದದ್ದನ್ನೂ ಹೇಳಬೇಕಿತ್ತು. ಮನೆಗೆ ಬಂದು ಎರಡನ್ನೂ ಹೇಳಿದೆ. ನನ್ನ ಗಂಡ ಪೂರ್ತಿ ಕೇಳಿದರು. ಆಮೇಲೆ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಕಟ್ಟು ಹಾಕಿದ ಕಾಲನ್ನು ಎಳೆದುಕೊಂಡು, ನನಗೂ ಬಾಗಿಲಲ್ಲಿ ನಿಂತಿದ್ದ ಜೆಯಕುಮಾರನಿಗೂ ಬೆನ್ನು ತಿರುಗಿಸಿದರು.