ಕೂಸಿಗೆ ಏನು ತರೋಣ ಮೇಷ್ಟ್ರೇ?

ಎಂಬತ್ತೊಂದನೇ ಇಸವಿಯಲ್ಲಿ ಅಜ್ಜಂಪುರದ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಒಂದು ಹೊಸ ಕಾನೂನು ಜಾರಿಗೆ ಬಂತು. ಅದಕ್ಕೆ ಮೊದಲು ಸಿಕ್ಕಿಬಿದ್ದವನು ನಾನು. ಕಾನೂನಿಗೆ ಕಾರಣ ಸೈನ್ಸ್ ಮೇಷ್ಟ್ರು ರಾಮಸ್ವಾಮಿಯವರ ಮಗನ ನಾಮಕರಣ. ಊರಿನಲ್ಲಿ ಬೇರೇನೂ ಮಾರಾಟಕ್ಕೇ ಇಲ್ಲವೇನೋ ಎಂಬಂತೆ ನಾವೆಲ್ಲ ಒಬ್ಬೊಬ್ಬರೂ ಒಂದೊಂದು ಸ್ಟೀಲ್ ಲೋಟ ಹಿಡಿದುಕೊಂಡು ಹೋಗಿದ್ದೆವು. ಎಲ್ಲವನ್ನೂ ಸಾಲಾಗಿ ಜೋಡಿಸಿದಾಗ ತೊಟ್ಟಿಲಿನ ಮುಂದೆ ಕಾಫಿ ಹೋಟೆಲ್ ತೆರೆದ ಹಾಗಿತ್ತು. ರಾಮಸ್ವಾಮಿ ನಕ್ಕರು. ಅವರ ಹೆಂಡತಿ ನಗಲಿಲ್ಲ.

ಹೆಡ್ ಮಾಸ್ಟರ್ ವೆಂಕಟಸುಬ್ಬಯ್ಯನವರು ಇದನ್ನು ಸ್ಕೂಲಿನ ಮಾನದ ಪ್ರಶ್ನೆ ಮಾಡಿಕೊಂಡರು. "ಇನ್ಮೇಲೆ ಯಾರ ಮನೇಲಿ ಮಗು ಹುಟ್ಟುತ್ತೋ ಅವರೇ ಮುಂಚಿತವಾಗಿ ಏನೇನು ಬೇಕು ಅಂತ ಹೇಳ್ಬಿಡಬೇಕು. ನಾವು ಒಬ್ಬೊಬ್ಬರು ಒಂದೊಂದು ಹಂಚಿಕೊಳ್ಳೋದು," ಎಂದು ನನ್ನ ಕಡೆ ತಿರುಗಿದರು. "ಮುಂದಿನ ಸರದಿ ನಿಮ್ಮದೇ ಅಲ್ವೇನ್ರೀ ಓಂಕಾರಮೂರ್ತಿ? ಕೂಸಿಗೆ ಏನು ತರೋಣ ಹೇಳಿ ಮೇಷ್ಟ್ರೇ."

ನಾನು ಲೆಕ್ಕದ ಮೇಷ್ಟ್ರು. ಉತ್ತರ ಗೊತ್ತಿಲ್ಲದೆ ಎದ್ದು ನಿಲ್ಲುವ ಹುಡುಗರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವತ್ತು ನಾನೇ ಹಾಗೆ ನಿಂತಿದ್ದೆ. ಒಂದು ಕೂಸಿಗೆ ಏನು ಬೇಕು? ನಾನು ಯೋಚಿಸುವಷ್ಟರಲ್ಲಿ ರೂಮಿನ ತುಂಬ ಉತ್ತರಗಳು ಹುಟ್ಟಿಕೊಂಡವು. ಬಾಟಲಿ ಬೇಕೇ ಬೇಕು ಎಂದರು ರಾಮಸ್ವಾಮಿ. ಬಾಟಲಿ ಹಾಲು ಕುಡಿದರೆ ಮಗುವಿನ ಹೊಟ್ಟೆ ಕೆಡುತ್ತದೆ ಎಂದರು ಇನ್ನೊಬ್ಬರು. ಪೌಡರು, ಗ್ರೈಪ್ ವಾಟರು, ರಬ್ಬರ್ ಶೀಟು, ಕೊಡೆಯ ಹಾಗೆ ಬಿಚ್ಚುವ ಸೊಳ್ಳೆ ಪರದೆ. ಕೊನೆಗೆ ಹೊಲಿಗೆ ಟೀಚರ್ ಸರೋಜಮ್ಮನವರು ಮೆಲ್ಲಗೆ, "ಮನೇಲಿ ಕೇಳ್ಕೊಂಡು ಬರ್ಲಿ ಬಿಡಿ ಸಾರ್. ಅವ್ರಿಗೆ ಗೊತ್ತಿರುತ್ತೆ," ಎಂದರು. ಅವರಿಗೆ ಮಕ್ಕಳಿರಲಿಲ್ಲ. ಮದುವೆಯಾಗಿ ಬಹಳ ವರ್ಷವಾಗಿದ್ದರಿಂದ ಊರಿನವರು ಕೇಳುವುದನ್ನೂ ಬಿಟ್ಟಿದ್ದರು.

ಮನೆಯಲ್ಲಿ ಕೇಳುವುದು ಅಷ್ಟು ಸುಲಭವಿರಲಿಲ್ಲ. ನನ್ನ ಹೆಂಡತಿ ಮಲ್ಲಿಕಾಂಬಳಿಗೆ ಇದು ಮೂರನೆಯ ಬಸಿರು. ಮೊದಲನೆಯ ಮಗು ತೊಟ್ಟಿಲು ಕಾಣುವ ಮೊದಲೇ ಹೋಯಿತು. ಎರಡನೆಯದು ಉಸಿರೇ ಆಡಲಿಲ್ಲ. ಮೊದಲನೆಯದಕ್ಕೆ ನನ್ನ ಮಾವನವರು ಕಡೂರಿನಿಂದ ಕುಲಾವಿ, ಉಣ್ಣೆಯ ಕಾಲುಚೀಲ, ಗಿಲಕಿ ಎಲ್ಲವನ್ನೂ ಮುಂಚೆಯೇ ತಂದಿಟ್ಟಿದ್ದರು. ಅವು ಅಟ್ಟದ ಮೇಲೆ ಟ್ರಂಕಿನಲ್ಲಿದ್ದವು. ನಾವಿಬ್ಬರೂ ಆ ಅಟ್ಟದ ಕಡೆ ತಲೆ ಎತ್ತುತ್ತಿರಲಿಲ್ಲ. ಈ ಸಲ ಮಲ್ಲಿ ಮಗುವಿನ ಸುದ್ದಿಯನ್ನೇ ಆಡುತ್ತಿರಲಿಲ್ಲ. ಹೊಟ್ಟೆ ಕಣ್ಣಿಗೆ ಕಾಣುತ್ತಿತ್ತು, ಮಾತಿನಲ್ಲಿ ಮಾತ್ರ ಅದು ಇರಲೇ ಇಲ್ಲ.

ಅವಳು ಅವರೆಕಾಯಿ ಸುಲಿಯುತ್ತಿದ್ದಾಗ ಹತ್ತಿರ ಕೂತು ವಿಷಯ ಹೇಳಿದೆ.

"ಏನೂ ಬೇಡ ಅನ್ನಿ," ಎಂದಳು.

"ಹಂಗಂದ್ರೆ ಎಲ್ರೂ ಲೋಟ ತರ್ತಾರೆ ಕಣೇ."

ಅವಳು ನಗಲಿಲ್ಲ. "ನಾನು ಏನಾದ್ರೂ ಬೇಕು ಅಂದ್ರೆ ಅದಕ್ಕೆ ಕೇಳಿಸ್ಬಿಡುತ್ತೆ ಕಣ್ರೀ," ಎಂದು ಸಿಪ್ಪೆಯನ್ನು ಒಟ್ಟು ಮಾಡಿಕೊಂಡು ಎದ್ದು ಹೋದಳು. ಅದಕ್ಕೆ ಎಂದರೆ ಯಾವುದಕ್ಕೆ? ಮಗುವಿಗೋ, ವಿಧಿಗೋ, ಅಟ್ಟದ ಮೇಲಿನ ಟ್ರಂಕಿಗೋ? ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ಅವಳು ಇನ್ನೊಂದು ಸಲ ಮುರಿದುಬಿದ್ದರೆ ಮತ್ತೆ ಎದ್ದು ನಿಲ್ಲುವುದಿಲ್ಲ ಎಂಬ ಭಯ ಮಾತ್ರ ನನಗೆ ಸ್ಪಷ್ಟವಾಗಿತ್ತು.

ಆ ವಾರ ಶಿವನಿಯಿಂದ ಅವ್ವ ಬಂದಳು. ನಮ್ಮವ್ವ ತೀರ್ಥಮ್ಮ ರೈಲಿನಿಂದ ಇಳಿಯುವಾಗಲೇ ಅಪ್ಪಣೆ ಕೊಡಲು ಶುರು ಮಾಡುವ ಹೆಂಗಸು. ಹೆಡ್ ಮಾಸ್ಟರ ಕಾನೂನು ಕೇಳಿ ಹೌಹಾರಿದಳು.

"ಹುಟ್ಟದ ಕೂಸಿಗೆ ಅದು ತನ್ನಿ, ಇದು ತನ್ನಿ ಅಂತ ಯಾರಾದ್ರೂ ಬಾಯ್ಬಿಟ್ಟು ಹೇಳ್ತಾರೇನೋ? ಓದಿದೋರಿಗೆ ಬುದ್ಧಿ ಇಲ್ವಾ? ಮೊದಲ್ನೇ ಸಲ ಮುಂಚೇನೇ ತಂದಿದ್ದಕ್ಕೇ ಹಂಗಾಗಿದ್ದು."

"ಮತ್ತೆ ನಾನು ಏನಂತ ಹೇಳ್ಲವ್ವಾ?"

"ಹಳೇ ಬಟ್ಟೆ ಕೇಳು. ಮಕ್ಳು ಗಟ್ಟಿಯಾಗಿ ಬೆಳೆದಿರೋ ಮನೆಗಳಿಂದ ಹಳೇ ಬಟ್ಟೆ ಬೇಡಿ ತರ್ಬೇಕು. ಬೇಡಿದ ಬಟ್ಟೆ ಹಾಕಿದ್ರೆ ಕೂಸು ನಿಲ್ಲುತ್ತೆ. ಹೊಸಾದು ಒಂದು ನೂಲೂ ಹೊಸಿಲು ದಾಟಬಾರ್ದು ನೋಡು."

ಇದನ್ನು ನಾನು ನಂಬುತ್ತಿದ್ದೆನೇ? ಕ್ಲಾಸಿನಲ್ಲಿ ಯಾರಾದರೂ ಕೇಳಿದ್ದರೆ ಮೂಢನಂಬಿಕೆ ಎಂದು ಭಾಷಣ ಬಿಗಿಯುತ್ತಿದ್ದೆ. ಮನೆಯಲ್ಲಿ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ ಮಲ್ಲಿ ಅವ್ವನ ಮಾತಿಗೆ ತಲೆಯಾಡಿಸಿದ್ದನ್ನು ನೋಡಿದೆ. ನನಗೆ ಅಷ್ಟು ಸಾಕಾಯಿತು.

ಮರುದಿನ ಸ್ಟಾಫ್ ರೂಮಿನಲ್ಲಿ ಎದ್ದು ನಿಂತು, "ಹಳೇ ಬಟ್ಟೆ ಬೇಕು ಸಾರ್," ಎಂದೆ.

ಹೆಡ್ ಮಾಸ್ಟರು ಕನ್ನಡಕ ತೆಗೆದು, "ಏನ್ರೀ ಇದು, ತಮಾಷೆನಾ? ನಮ್ಮನ್ನ ಏನಂದ್ಕೊಂಡ್ರಿ?" ಎಂದರು. ನಾನು ತೊದಲುತ್ತ ಎಲ್ಲವನ್ನೂ ಹೇಳಬೇಕಾಯಿತು, ಹೋದ ಎರಡು ಮಕ್ಕಳ ವಿಷಯವನ್ನೂ. ಅವರು ಕನ್ನಡಕ ಹಾಕಿಕೊಂಡರು. ದೊಡ್ಡ ಮನಸ್ಸಿನ ಮನುಷ್ಯ, ಆದರೆ ಯಾವುದನ್ನೇ ಆಗಲಿ ಸುತ್ತೋಲೆ ಮಾಡದೆ ಬಿಡುವವರಲ್ಲ. "ಸರಿ. ಮಕ್ಕಳಿರೋರೆಲ್ಲ ಒಂದೊಂದು ಹಳೇ ಬಟ್ಟೆ ತನ್ನಿ. ಮಿಕ್ಕೋರಿಗೆ ಈ ಸಲ ವಿನಾಯಿತಿ," ಎಂದುಬಿಟ್ಟರು.

ಮಿಕ್ಕವರು ಎಂದರೆ ಆ ರೂಮಿನಲ್ಲಿ ಒಬ್ಬರೇ.

"ನಂದೇನೂ ಇಲ್ವಾ ಸಾರ್ ಹಾಗಾದ್ರೆ?" ಎಂದರು ಸರೋಜಮ್ಮ. ಕೇಳಿದ್ದು ಹೆಡ್ ಮಾಸ್ಟರನ್ನು, ನೋಡಿದ್ದು ನನ್ನನ್ನು. ಬೆಲ್ ಹೊಡೆಯಿತು. ಅವರು ಹೊಲಿಗೆ ಡಬ್ಬಿ ಎತ್ತಿಕೊಂಡು ಕ್ಲಾಸಿಗೆ ಹೋದರು.

ಗಂಟುಗಳು ಬರತೊಡಗಿದವು. ಹಳೆಯದು ಎಂದರೆ ಎಷ್ಟು ಹಳೆಯದು ಎಂದು ನಾನು ಹೇಳಿರಲಿಲ್ಲವಾದ್ದರಿಂದ ಎಲ್ಲರೂ ತಮಗೆ ತೋಚಿದ್ದು ತಂದರು. ಒಬ್ಬರು ನಾಲ್ಕನೇ ಕ್ಲಾಸಿನ ಮಗನ ಚಡ್ಡಿ ಕಳಿಸಿದರೆ, ಇನ್ನೊಬ್ಬರು ತಾವೇ ಕೂಸಾಗಿದ್ದಾಗ ಹೊದ್ದಿದ್ದ ಕೌದಿ ಕಳಿಸಿದರು. ಅವ್ವ ಜಗಲಿಯ ಮೇಲೆ ಕೂತು ಒಂದೊಂದನ್ನೂ ಬೆಳಕಿಗೆ ಹಿಡಿದು ವಿಚಾರಣೆ ಮಾಡುತ್ತಿದ್ದಳು. ಅವಳದು ಎಲ್ಲರಿಗೂ ಒಂದೇ ಪ್ರಶ್ನೆ.

"ಇದನ್ನ ಹಾಕ್ಕೊಂಡು ಬೆಳೆದ ಕೂಸು ಈಗೆಲ್ಲೈತೆ?"

"ಐದನೇ ಕ್ಲಾಸಮ್ಮ. ಮೊನ್ನೆ ಹುಣಿಸೇಮರದಿಂದ ಬಿದ್ದ. ಏನೂ ಆಗ್ಲಿಲ್ಲ," ಎಂದರು ಡ್ರಿಲ್ ಮೇಷ್ಟ್ರು.

"ಎಮ್ಮೆದೊಡ್ಡಿ ಕಾವಲಿನ ಹೋರಿ ಇದ್ದಂಗವ್ನೆ ಅನ್ನು. ಮಡಗು, ಮಡಗು."

ಹಾಗೆ ಬಂದ ಗಂಟುಗಳಲ್ಲಿ ಒಂದು ಪುಟ್ಟ ಅಂಗಿಯಿತ್ತು. ಗುಂಡಿಯಿಲ್ಲದೆ ಮುಂದೆ ದಾರದಲ್ಲಿ ಕಟ್ಟುವಂಥದ್ದು, ಮಾಸಲು ಹಳದಿ. ಅದನ್ನು ತಂದ ಸ್ಕೂಲಿನ ಜವಾನ ಈರಭದ್ರಪ್ಪ, "ಸರೋಜಮ್ಮ ಟೀಚರು ಕೊಟ್ರು. ಬೀರೂರಲ್ಲಿರೋ ಅವ್ರ ಅಕ್ಕನ ಮಗೂದಂತೆ. ಗಟ್ಟಿ ಮಗುವಂತೆ," ಎಂದು ಒಂದೇ ಉಸಿರಿಗೆ ಒಪ್ಪಿಸಿ ಹೋದ. ಅವ್ವ ತಲೆದೂಗಿ ಅಂಗಿಯನ್ನು ರಾಶಿಗೆ ಸೇರಿಸಿದಳು.

ಸಂಜೆ ನಾನು ಸ್ಕೂಲಿನಿಂದ ಬಂದಾಗ ಮಲ್ಲಿ ಆ ಅಂಗಿಯನ್ನು ಕೆನ್ನೆಗೆ ಒತ್ತಿಕೊಂಡು ಕೂತಿದ್ದಳು. ನನ್ನನ್ನು ಕಂಡು ಕೆಳಗಿಡಲು ಹೋದವಳು ಇಡಲಿಲ್ಲ.

"ಎಷ್ಟು ಮೆತ್ತಗಿದೆ ನೋಡಿ," ಎಂದಳು. ಆಮೇಲೆ ತುಂಬಾ ಸಣ್ಣ ದನಿಯಲ್ಲಿ, "ಮೊದ್ಲು ಇದನ್ನೇ ಹಾಕ್ಬೇಕು ಕಣ್ರೀ," ಎಂದಳು.

ಅಷ್ಟು ತಿಂಗಳಲ್ಲಿ ಅವಳು ಬೇಕು ಎಂದದ್ದು ಅದೊಂದೇ. ನನಗೆ ಸಂತೋಷವಾಯಿತು. ಅದರ ಹಿಂದೆಯೇ, ಕೇಳಬಾರದ್ದು ಯಾವುದಕ್ಕೋ ಕೇಳಿಸಿಬಿಟ್ಟಿತೇನೋ ಎಂದು ಕಿವಿ ನಿಮಿರಿತು. ಓದಿದವನು ನಾನು, ಬಿಎಸ್ಸಿ!

ಅದಾದ ನಾಲ್ಕನೇ ದಿನ ತರೀಕೆರೆಯ ಹೆರಿಗೆ ಆಸ್ಪತ್ರೆಯಲ್ಲಿ ಬೆಳಗಿನ ಹೊತ್ತು ಹೆಣ್ಣು ಮಗು ಹುಟ್ಟಿತು. ಹುಟ್ಟಿದ್ದೇ ಕಟ್ಟಡ ಎದ್ದು ಹೋಗುವಂತೆ ಅತ್ತಿತು. ಆ ಅಳು ಕೇಳಿ ನಾನು ವರಾಂಡದ ಬೆಂಚಿನ ಮೇಲೆ ಕೂತು ಯಾರೂ ನೋಡದ ಹಾಗೆ ಅತ್ತೆ. ಯಾರಾದರೂ ನೋಡಿದ್ದರೂ ಅಳುತ್ತಿದ್ದೆ. ಅಜ್ಜಂಪುರದ ಬಸ್ಸಿನ ಕಂಡಕ್ಟರ್ ಕೈಲಿ ಹೆಡ್ ಮಾಸ್ಟರಿಗೆ ಸುದ್ದಿ ಕಳಿಸಿದೆ. ಅವ್ವ ಮಗುವನ್ನು ಬಿಸಿನೀರಿನಲ್ಲಿ ಒರೆಸಿ, ಹಳದಿ ಅಂಗಿ ತೊಡಿಸಿ, ಲಿಂಗ ಕಟ್ಟಲು ಅಯ್ನೋರಿಗೆ ಹೇಳಿ ಕಳಿಸು ಎಂದು ನನ್ನ ಬೆನ್ನು ಹತ್ತಿದಳು.

ಮುಂದಿನ ಬಸ್ಸಿಗೆ ಸರೋಜಮ್ಮ ಬಂದರು. ಬಸ್ ಸ್ಟ್ಯಾಂಡಿನಿಂದ ಓಡಿಕೊಂಡೇ ಬಂದಂತಿತ್ತು, ಸೆರಗು ಎಲ್ಲೋ ಇತ್ತು. ನನಗೆ ಮಾತಾಡಲೂ ಬಿಡದೆ ಒಳಗೆ ನುಗ್ಗಿ, "ಆ ಅಂಗಿ ಹಾಕ್ಬೇಡಿ ಅಮ್ಮ! ಅದನ್ನ ಹಾಕ್ಬೇಡಿ!" ಎಂದರು.

ಅವ್ವ ತಿರುಗಿದಳು. "ಯಾಕಮ್ಮಾ?"

"ಅದು ಹಳೇದಲ್ಲ." ಸರೋಜಮ್ಮ ಮಂಚದ ಕಂಬಿ ಹಿಡಿದುಕೊಂಡರು. "ನಮ್ಮಕ್ಕನ ಮಗೂದೂ ಅಲ್ಲ. ಬಟ್ಟೆ ತಂದು ನಾನೇ ಹೊಲಿದೆ. ಹಳೇದಾಗ್ಲಿ ಅಂತ ದಿನಾ ಒಗೆದೆ, ಕಲ್ಲಿಗೆ ಒಗೆದೊಗೆದು ಬಿಸಿಲಿಗೆ ಹಾಕ್ದೆ. ಹಗ್ಗದ ಮೇಲೆ ಅದನ್ನ ನೋಡಿ ಪಕ್ಕದ ಮನೆಯೋರು, ಏನಾದ್ರೂ ವಿಶೇಷಾನಾ ಸರೋಜ ಅಂತ ಕೇಳಿದ್ರು. ಇಲ್ಲ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ಎಲ್ರೂ ಕೊಡ್ತಿದಾರಲ್ಲ, ನಂದೂ ಒಂದಿರ್ಲಿ ಅಂತ ಆಸೆ ಆಯ್ತು. ಇವತ್ತು ಸುದ್ದಿ ಬಂದಿದ್ದೇ ಬಸ್ ಹತ್ಬಿಟ್ಟೆ. ನನ್ನಿಂದ ಕೂಸಿಗೆ ಏನಾದ್ರೂ ಆದ್ರೆ..."

ಅವ್ವ ಮಗುವಿನ ಎದೆಯ ಮೇಲಿನ ದಾರದ ಗಂಟಿಗೆ ಕೈ ಹಾಕಿದಳು. ಮಲ್ಲಿ ಮಲಗಿದ್ದಲ್ಲಿಂದಲೇ ಆ ಕೈ ಹಿಡಿದುಕೊಂಡಳು.

"ತೆಗೀಬೇಡಿ ಅತ್ತೆ."

"ಹೊಸಾದು ಕಣೇ ಇದು! ಮಕ್ಳಿಲ್ಲದ ಮನೇದು! ಇದನ್ನ ಹಾಕ್ಕೊಂಡಿದ್ದ ಕೂಸು ಎಲ್ಲೈತೆ ಹೇಳು ನೋಡಾಣ?"

"ಇಲ್ಲೇ ಇದ್ಯಲ್ಲ ಅತ್ತೆ," ಎಂದಳು ಮಲ್ಲಿ. "ಹಾಕ್ಕೊಂಡಾಗ್ಲಿಂದ ಇಲ್ಲೇ ಇದೆ."

ಅವ್ವ ಮಗುವನ್ನು ನೋಡಿದಳು. ಮಗು ಅಂಗಿಯ ದಾರವನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆ ಮಾಡುತ್ತಿತ್ತು. ಅವ್ವ ನನ್ನ ಕಡೆ ತಿರುಗಿ, "ನೀನೇನಂತೀಯೋ ಮೇಷ್ಟ್ರೇ?" ಎಂದಳು. ಜನ್ಮದಲ್ಲಿ ಮೊದಲ ಸಲ ಅವಳು ನನ್ನ ಅಭಿಪ್ರಾಯ ಕೇಳಿದ್ದಳು.

"ನಂಗೇನೂ ಗೊತ್ತಾಗ್ತಿಲ್ಲ ಕಣವ್ವಾ," ಎಂದೆ. ಅದು ನಿಜವೂ ಆಗಿತ್ತು.

ಅವ್ವ ಗಂಟಿನಿಂದ ಕೈ ತೆಗೆದು, ಸರೋಜಮ್ಮನವರ ಕೈಗಳನ್ನು ಹಿಡಿದು ಅಂಗೈ ಮೇಲೆ ಮಾಡಿ ನೋಡಿದಳು. ಬೆರಳ ತುದಿಗಳಲ್ಲಿ ಸೋಪಿಗೆ ಚರ್ಮ ಸುಲಿದಿತ್ತು. ಸರೋಜಮ್ಮ ಕೈ ಎಳೆದುಕೊಳ್ಳಲು ನೋಡಿದರು, ಅವ್ವ ಬಿಡಲಿಲ್ಲ. ಮಗುವನ್ನು ಎತ್ತಿ ಆ ಕೈಗಳಿಗೇ ಕೊಟ್ಟಳು.

"ತೊಟ್ಟಿಲಿಗೆ ಹಾಕೋ ದಿನಕ್ಕೆ ಇನ್ನೊಂದು ಹೊಲ್ಕೊಂಡು ಬಾ ತಾಯಿ," ಎಂದಳು. "ಈ ಸಲ ಒಗೀಬೇಡ."