ಅತಿಥಿಯ ವಯಸ್ಸು

“ನೀವು ಬಿಡಿ ಯಜಮಾನ್ರೇ, ನಾನೊಬ್ನೇ ತಳ್ತೀನಿ” ಎಂದ ಬೇಕರಿಯವನು. ಮುದುಕ ಬಿಡಲಿಲ್ಲ. ಟಿವಿ ಇಟ್ಟಿದ್ದ ಮೇಜನ್ನು ಇಬ್ಬರೂ ಸೇರಿ ಎಳೆದಾಗ ಹಿಂದಿದ್ದ ಅಂಗೈಯಗಲದ ಕಪ್ಪು ಪೆಟ್ಟಿಗೆಯ ವೈರು ಬಿಗಿದು, ಪ್ಲಗ್ಗು ಗೋಡೆಯಿಂದ ಕಿತ್ತು ಬಂತು.

“ಆ ಪೆಟ್ಟಿಗೆ ಹುಷಾರು” ಎಂದ ಮುದುಕ. ಆಮೇಲೆ, “ಇರಲಿ ಬಿಡು” ಎಂದ.

ಆಸ್ಪತ್ರೆಯಿಂದ ಹೆಂಡತಿಯ ಶವ ತರುವಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಜಾಗವಾಗಬೇಕಿತ್ತು. ಅವಳ ಹೊಲಿಗೆ ಯಂತ್ರ ಆಗಲೇ ಜಗಲಿ ಸೇರಿತ್ತು. ಸೂಜಿಯಡಿ ಯಾರದೋ ಅಂಗಿಯ ತೋಳು ಅರ್ಧ ಹೊಲಿದು ಹಾಗೇ ಉಳಿದಿತ್ತು.

ಬಿಸಿಲೇರುವ ಹೊತ್ತಿಗೆ ಅವಳನ್ನು ತಂದು ಮಲಗಿಸಿಯಾಗಿತ್ತು, ಬೀದಿಗೆ ಬೀದಿಯೇ ಬಂದು ಕುಳಿತಿತ್ತು. ಟೈಲರಮ್ಮನ ಕೈಯಲ್ಲಿ ಹೊಲಿಸಿಕೊಳ್ಳದವರು ಅಲ್ಲಿ ಯಾರೂ ಇರಲಿಲ್ಲ. ಅವಳ ಮನೆಯಲ್ಲಿ ಕುಳಿತು ಫುಟ್‌ಬಾಲ್ ನೋಡದವರೂ ಇರಲಿಲ್ಲ. ಮೂಲೆಯಲ್ಲಿದ್ದ ನರ್ಸಮ್ಮ ಮಾತು ಶುರು ಮಾಡಿದಳು.

“ಗೋಲ್ ಬಿದ್ದಾಗ ಎಸೆಯೋಕೆ ಅಂತ ಚೂರು ಬಟ್ಟೆ ಒಂದು ಚೀಲದ ತುಂಬ ಕೂಡಿಡ್ತಿದ್ಲು. ಮಾರನೇ ದಿನ ನಮ್ಮ ಕೈಲೇ ಕಸ ಗುಡಿಸಿಸೋಳು.”

“ನಮ್ಮ ಕೈಲೂ ಅಷ್ಟೇ” ಎಂದ ಬೇಕರಿಯವನು. “ಒಂದೇ ಒಂದು ಕೆಟ್ಟ ಚಟ. ಬಂದವರನ್ನೆಲ್ಲ ವಯಸ್ಸು ಕೇಳೋದು.”

“ಹ್ಞೂಂ. ಟೈಲರಿಗೆ ಸೊಂಟದ ಅಳತೆ ಬೇಕು ಸರಿ, ವಯಸ್ಸು ಯಾತಕ್ಕೆ ಅಂತ ನಾನೂ ಒಂದ್ಸಲ ಕೇಳಿದ್ದೆ. ನಕ್ಕು ಸುಮ್ಮನಾದ್ಲು” ಎಂದಳು ನರ್ಸಮ್ಮ.

ಅಳುವವರ ನಡುವೆಯೇ ಒಂದಿಬ್ಬರು ನಕ್ಕರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಹೆಂಗಸು ಮಾತ್ರ ನಗಲಿಲ್ಲ. ಅವಳು ಸತ್ತವಳ ವಾರಗಿತ್ತಿ, ಮುದುಕನ ಅಣ್ಣನ ಹೆಂಡತಿ. ಎರಡು ಬೀದಿ ಆಚೆ ಮನೆ. ಆದರೂ ಈ ಹೊಸ್ತಿಲು ತುಳಿದು ನಾಲ್ಕು ವರ್ಷವಾಗಿತ್ತು. ಚಪ್ಪಲಿಯನ್ನು ಹೊರಗೆ ಬಿಡದೆ ಕುರ್ಚಿಯ ಕೆಳಗೇ ಇಟ್ಟುಕೊಂಡಿದ್ದಳು, ಯಾವ ಗಳಿಗೆಯಲ್ಲಾದರೂ ಎದ್ದು ಹೋಗುವವಳಂತೆ.

* * *

ನಾಲ್ಕು ವರ್ಷದ ಹಿಂದೆ, ಫುಟ್‌ಬಾಲ್ ಫೈನಲ್ ದಿನ, ಕೋಣೆಯಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಕಿಟಕಿಯ ಕಟ್ಟೆಯ ಮೇಲೆ, ಬಟ್ಟೆಯ ಗಂಟುಗಳ ಮೇಲೆ, ಇಸ್ತ್ರಿ ಮೇಜಿನ ಮೇಲೆ ಜನ. ವಾರಗಿತ್ತಿಗೆ ಆಟದ ತಲೆಬುಡ ತಿಳಿಯದು. ಕೂಟದ ಆಸೆಗೆ ಬಂದಿದ್ದಳು. ಟೈಲರಮ್ಮ ಅವಳಿಗೆಂದೇ ಕಾಯ್ದಿಟ್ಟ ಒಳ್ಳೆಯ ಕುರ್ಚಿಯಲ್ಲಿ ಕುಳಿತಳು.

ಪಂದ್ಯ ಅರ್ಧ ಮುಗಿದಿತ್ತು. ಟೈಲರಮ್ಮ ಕೈಯಲ್ಲಿ ಏನೋ ಒಂದು ರಿಮೋಟ್ ಹಿಡಿದು ಬಂದು, ಅವಳ ಕಿವಿಯ ಹತ್ತಿರ ಬಗ್ಗಿದಳು.

“ಅಕ್ಕಾ, ತಪ್ಪು ತಿಳೀಬೇಡಿ. ನಿಮಗೀಗ ಎಷ್ಟು ವಯಸ್ಸು?”

ಮೆಲ್ಲಗೇ ಕೇಳಿದ್ದಳು. ಆದರೆ ಹಿಂದೆ ಕುಳಿತಿದ್ದ ಬೇಕರಿಯವನ ಕಿವಿ ಹಾವಿನ ಕಿವಿ. “ಹಾಗಲ್ಲ ಕೇಳೋದು. ಅಣ್ಣನಿಗಿಂತ ಎಷ್ಟು ದೊಡ್ಡವರು ಅಂತ ಕೇಳಿ” ಎಂದುಬಿಟ್ಟ. ಕೋಣೆ ಗೊಳ್ಳೆಂದಿತು.

ಗಂಡನಿಗಿಂತ ಹಿರಿಯಳು ಎಂಬ ಮಾತನ್ನು ವಾರಗಿತ್ತಿ ಮದುವೆಯಾದ ದಿನದಿಂದ ಬೆನ್ನ ಹಿಂದೆ ಕೇಳುತ್ತಲೇ ಬಂದಿದ್ದಳು. ಎದುರಿಗೆ ಕೇಳಿದ್ದು ಅದೇ ಮೊದಲು. ಎದ್ದಳು. ಕಾಲುಗಳನ್ನು ದಾಟುತ್ತ, ದಾಟುತ್ತ ಬಾಗಿಲಿಗೆ ಹೋಗಿ, “ನನ್ನನ್ನ ಕರೆದು ಕೂರಿಸಿದ್ದು ಇದಕ್ಕಾ?” ಎಂದು ಕೇಳಿ ಹೊರಟುಹೋದಳು.

ಟೈಲರಮ್ಮ ಎರಡು ಸಲ ಆ ಮನೆಯ ಬಾಗಿಲಿಗೆ ಹೋದಳು. ಎರಡು ಸಲವೂ ಬಾಗಿಲು ತೆರೆಯಲಿಲ್ಲ.

“ಇದ್ದದ್ದು ಇದ್ದ ಹಾಗೆ ಹೇಳಿಬಿಡೇ, ಯಾರ ಕೈಲಾದ್ರೂ ಹೇಳಿ ಕಳಿಸು” ಎಂದ ಗಂಡ.

“ಮಾತು ಕೊಟ್ಟಿದ್ದೀನಲ್ಲ. ಒಬ್ಬರ ಅಳತೆ ಇನ್ನೊಬ್ಬರಿಗೆ ಹೇಳೋ ಟೈಲರ್ ಹತ್ರ ಯಾರು ಹೋಗ್ತಾರೆ? ಇದೂ ಹಾಗೇ. ಅಕ್ಕನ ಕೋಪ ತಾನಾಗಿ ಇಳಿಯುತ್ತೆ ಬಿಡಿ.”

ಇಳಿಯಲಿಲ್ಲ.

* * *

ಮಧ್ಯಾಹ್ನ ಸ್ಮಶಾನದ ಗಾಡಿ ಬರುವ ಮೊದಲು ಹೆಗಲಿಗೆ ಚೀಲ ಹಾಕಿದ ಒಬ್ಬ ನಡುವಯಸ್ಸಿನವನು ಗೇಟಿನಲ್ಲಿ ನಿಂತು ಒಳಗೆ ನೋಡಿ, ತಕ್ಷಣ ಚಪ್ಪಲಿ ಬಿಟ್ಟ.

“ಪೆಟ್ಟಿಗೆಗೆ ಕರೆಂಟ್ ಹೋಗಿದೆ ಅಂತ ಆಫೀಸಲ್ಲಿ ತೋರಿಸ್ತು. ನೋಡ್ಕೊಂಡು ಹೋಗೋಣ ಅಂತ ಬಂದೆ” ಎಂದು ಮುದುಕನ ಹತ್ತಿರ ಪಿಸುಗುಟ್ಟಿದ. “ಅಮ್ಮ ಹೋಗಿದ್ದು ಗೊತ್ತಿರಲಿಲ್ಲ ಸಾರ್.”

“ಆ ಕಪ್ಪು ಪೆಟ್ಟಿಗೆನಾ? ಏನದು?” ಎಂದ ಬೇಕರಿಯವನು.

ಬಂದವನು ಮುದುಕನ ಮುಖ ನೋಡಿದ. “ಹೇಳಪ್ಪ” ಎಂದ ಮುದುಕ. “ಗುಟ್ಟು ಕಾಯೋಳೇ ಹೋದ್ಲು.”

ಅವನು ಹೇಳಿದ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರು ಎಂದು ತಿಳಿಯಲು ಎಲ್ಲರ ಮನೆಗೂ ಹೋಗಲಾಗುವುದಿಲ್ಲ. ಕೆಲವು ಮನೆಗಳನ್ನು ಆರಿಸಿ ಟಿವಿಯ ಹಿಂದೆ ಇಂಥ ಪೆಟ್ಟಿಗೆ, ಅಂದರೆ ಮೀಟರ್, ಇಡುತ್ತಾರೆ. ಅದರ ರಿಮೋಟಿನಲ್ಲಿ ಮನೆಯ ಒಬ್ಬೊಬ್ಬರಿಗೂ ಒಂದು ಬಟನ್. ನೋಡಲು ಕೂತಾಗ ಒತ್ತಬೇಕು, ಎದ್ದಾಗ ಆರಿಸಬೇಕು. ನೆಂಟರು ಬಂದರೆ ಅತಿಥಿ ಎಂಬ ಬಟನ್. ಅದನ್ನು ಒತ್ತಿದರೆ ಹೆಣ್ಣೋ ಗಂಡೋ, ವಯಸ್ಸೆಷ್ಟು ಎಂದು ಕೇಳುತ್ತದೆ. ಮೀಟರ್ ಇರುವುದು ಹೊರಗೆ ಗೊತ್ತಾಗಬಾರದು. ಗೊತ್ತಾದರೆ ಚಾನೆಲ್ಲಿನವರು ಆಮಿಷ ಒಡ್ಡಿಯಾರು.

“ಬೇರೆ ಮನೆಗಳಲ್ಲಿ ನೆಂಟರ ವಯಸ್ಸು ಬಾಯಿಗೆ ಬಂದದ್ದು ಒತ್ತಿಬಿಡ್ತಾರೆ” ಎಂದ. “ಅಮ್ಮ ಕೇಳಿ ಕೇಳಿ ಒತ್ತೋರು. ಅಂದಾಜಿಗೆ ಹೊಲಿದ್ರೆ ಅಂಗಿ ಮೈಗೆ ಕೂರುತ್ತಾ ಅಂತ ನನ್ನನ್ನೇ ಕೇಳಿದ್ರು.”

ನರ್ಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೇಕರಿಯವನು ತಲೆ ತಗ್ಗಿಸಿದ.

ವಾರಗಿತ್ತಿ ಕುರ್ಚಿಯಿಂದಲೇ ಕೇಳಿದಳು, “ಆವತ್ತು ನಂದು ಎಷ್ಟು ಅಂತ ಒತ್ತಿದ್ಲು?”

ಉತ್ತರ ಕೊಟ್ಟವಳು ಸತ್ತವಳ ತಲೆಯ ಬಳಿ ಕುಳಿತಿದ್ದ ಅವಳ ಮಗಳು.

“ಏನೂ ಒತ್ತಲಿಲ್ಲ ದೊಡ್ಡಮ್ಮ. ನೀವು ಎದ್ದು ಹೋದ್ರಲ್ಲ. ಅಮ್ಮ ತನ್ನ ಬಟನ್ನೂ ಆರಿಸಿ ಅಡುಗೆಮನೇಲಿ ಹೋಗಿ ಕೂತ್ಲು. ಪೆನಾಲ್ಟಿ ಶುರುವಾಯ್ತು ಬಾರೇ ಅಂತ ಅಪ್ಪ ಕರೆದ್ರೂ ಬರ್ಲಿಲ್ಲ.”

“ಮಾರನೇ ದಿನ ಪೇಪರಲ್ಲಿ ಬಂದಿತ್ತು” ಎಂದ ಮುದುಕ. “ಇಷ್ಟು ಜನ ಯಾವ ಪಂದ್ಯಾನೂ ನೋಡಿಲ್ಲ, ದಾಖಲೆ ಅಂತ. ನಾನು ಓದಿ ಹೇಳ್ದೆ. ‘ಅದರಲ್ಲಿ ಇಬ್ರು ಕಮ್ಮಿ ಕಣ್ರೀ’ ಅಂದ್ಲು.”

“ಇಬ್ರಲ್ಲ ಸಾರ್” ಎಂದ ಮೀಟರಿನವನು ಮೆಲ್ಲಗೆ. “ನಮ್ಮ ಲೆಕ್ಕದಲ್ಲಿ ಅಮ್ಮ ಒಬ್ರು ಎದ್ರೆ ಅಂಥ ಸಾವಿರಾರು ಹೆಂಗಸರು ಎದ್ದ ಹಾಗೆ.”

ವಾರಗಿತ್ತಿ ಎದ್ದು ಬಂದು, ಸತ್ತವಳ ಬಲಗೈಯನ್ನು ಎರಡು ಕೈಯಲ್ಲಿ ಹಿಡಿದು ನೆಲದ ಮೇಲೆ ಕುಳಿತಳು. ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳಿದ್ದವು. ಗಾಡಿ ಬಂದು ಹಾರನ್ ಮಾಡಿದಾಗ ಅವಳನ್ನು ಎಬ್ಬಿಸಲು ಇಬ್ಬರು ಬೇಕಾಯಿತು.

* * *

ಸಂಜೆ ಸ್ಮಶಾನದಿಂದ ಮರಳಿದಾಗ ಮಗಳು ಅಪ್ಪನನ್ನು ಜಗಲಿಯಲ್ಲಿ ಕೂರಿಸಿ, ನೀರು ತರಲು ಒಳಗೆ ಹೋದಳು. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಚಹಾದ ನೀರು ಕುದಿಯುತ್ತಿತ್ತು. ಕಪಾಟಿನ ಬಾಗಿಲುಗಳೆಲ್ಲ, ಮೇಲಿನವೂ ಕೆಳಗಿನವೂ, ಹಾರುಹೊಡೆದು ತೆರೆದಿದ್ದವು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ದೊಡ್ಡಮ್ಮ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದಳು.

“ಸಕ್ಕರೆ ಎಲ್ಲಿಡ್ತಿದ್ಲೇ ಇವಳು?” ಎಂದಳು, ತಿರುಗದೆ. “ಮೊದಲೆಲ್ಲ ಇಲ್ಲೇ ಇರ್ತಿತ್ತು.”